ಸುಳ್ಳು ಹೇಳದ ಅಕ್ಕೋರು

ಕೆನ್ನೆಯನ್ನೇ ತೂತು ಮಾಡಿದ ಹುಣ್ಣಿನ ಮೇಲೆ ಬಗ್ಗಿದಾಗಲೂ ನಮ್ಮ ಅಕ್ಕೋರ ಮೂಗು ಒಂದಿಷ್ಟೂ ಸುಕ್ಕಾಗುತ್ತಿರಲಿಲ್ಲ. ಮೂಗುಬೊಟ್ಟಿನ ಆ ದಪ್ಪ ಮೂಗನ್ನೇ ನಾನು ಬೆರಗಾಗಿ ನೋಡುತ್ತಿದ್ದೆ. "ಪೇಷಂಟ್ ಮುಂದ ಮಾರಿ ಸೊಟ್ಟ ಮಾಡಿದ್ರ ನೋಡ್ರಿ, ಒದೀತೇನಿ" ಎಂದು ನಮ್ಮನ್ನು ಹೆದರಿಸುತ್ತಿದ್ದರು. ಜಮಖಂಡಿಯ ನರ್ಸುಗಳಾದ ನಮಗೆ ವಾಸಿಯಾಗದ ಕ್ಯಾನ್ಸರ್ ರೋಗಿಗಳ ಆರೈಕೆ ಕಲಿಸಿದವರು ಅವರು. ಹುಣ್ಣು ತೊಳೆಯುವುದು, ಹೊತ್ತಿಗೆ ಸರಿಯಾಗಿ ಮಾರ್ಫಿನ್ ಗುಳಿಗೆ ಕೊಡುವುದು, ಎಲ್ಲಕ್ಕಿಂತ ಕಷ್ಟದ್ದು ಅಂದರೆ ಮಾತಾಡುವುದು.

ಪಾಠವೆಲ್ಲ ರೋಗಿಗಳ ಮನೆಯಲ್ಲೇ. ಬನಹಟ್ಟಿಯ ಮಗ್ಗಗಳ ಸದ್ದಿನಲ್ಲಿ ನಮ್ಮ ಕಿವಿಗೆ ಬಾಯಿ ಹಚ್ಚಿ ಹೇಳಿಕೊಡುತ್ತಿದ್ದರು. ನಿಂತುಕೊಂಡೇ ನಾಡಿ ಹಿಡಿದರೆ ಸಿಟ್ಟು. "ಕುಂಡ್ರವಾ. ನಿಂತ್ರ, ಈಕಿ ಹೊಂಟಾಳ ಅಂತ ತಿಳೀತಾರ, ಬಾಯಿ ಬಿಡಂಗಿಲ್ಲ."

ನಮ್ಮ ಕಡೆ ಮನೆಯವರು ಕ್ಯಾನ್ಸರ್ ಎಂಬ ಶಬ್ದವನ್ನು ರೋಗಿಯ ಕಿವಿಗೆ ಬೀಳಗೊಡುವುದಿಲ್ಲ. ಉಷ್ಣ ಅನ್ನುತ್ತಾರೆ, ಅಲ್ಸರ್ ಅನ್ನುತ್ತಾರೆ, ಅದೊಂದನ್ನು ಮಾತ್ರ ಅನ್ನುವುದಿಲ್ಲ. ಹೊಸ್ತಿಲಲ್ಲೇ ತಡೆದು ನಮ್ಮಿಂದ ಆಣೆ ಮಾಡಿಸಿಕೊಳ್ಳುತ್ತಿದ್ದರು. ಅಕ್ಕೋರು ಮಾತ್ರ ಆಣೆ ಮಾಡುತ್ತಿರಲಿಲ್ಲ. "ನಾನಾಗಿ ಹೇಳಂಗಿಲ್ರಿ. ಅವರಾಗಿ ಕೇಳಿದ್ರ ಸುಳ್ಳ ಹೇಳಂಗಿಲ್ಲ" ಎಂದು ಒಳಗೆ ಹೋಗುತ್ತಿದ್ದರು. ರೋಗಿಗಳು ಕೇಳಿಯೇ ಕೇಳುತ್ತಿದ್ದರು.

ಅಂಥ ಅಕ್ಕೋರಿಗೇ ಹೊಟ್ಟೆಯ ಕ್ಯಾನ್ಸರ್ ಬಂತು. ಹಾಳಾದ್ದಕ್ಕೆ ಬೇರೆ ಯಾರೂ ಸಿಗಲಿಲ್ಲವೇ! ಚಿಮ್ಮಡದ ತವರಿನಲ್ಲಿ ಮಲಗಿದರು. ಅವರನ್ನು ನೋಡಿಕೊಳ್ಳಲು ನಾನೇ ಹೋಗಿಬರುತ್ತಿದ್ದೆ. ಒಂದು ದಿನ ಹತ್ತಿರ ಕರೆದು, "ಅವ್ವಗ ಹೇಳಬ್ಯಾಡ. ಅಲ್ಸರ್ ಅಂತ ಹೇಳೇನಿ. ಗೊತ್ತಾದ್ರ ಎದಿ ಒಡಕೋತಾಳ" ಎಂದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಹೊರಗೆ ಬಂದರೆ, ಕಟ್ಟೆಯ ಮೇಲೆ ಕುಳಿತಿದ್ದ ಅವರ ಅವ್ವ ನನ್ನ ಕೈ ಹಿಡಿದು ಜಗ್ಗಿದರು. "ಡಾಕ್ಟರ್ ನನಗ ಎಲ್ಲಾ ಹೇಳ್ಯಾರ ಯವ್ವಾ. ಮಗಳು ಅಲ್ಸರ್ ಅಂತನ ತಿಳದಾಳ. ಆಕಿಗೆ ಖರೆ ಗೊತ್ತಾಗಬಾರದು. ನಿನ್ನ ಕಾಲ ಬೀಳ್ತೇನಿ."

ಶಿವನೇ! ಒಳಗೊಬ್ಬರು, ಹೊರಗೊಬ್ಬರು, ಇಬ್ಬರೂ ಮರೆಯಲ್ಲಿ ಅಳುತ್ತಿದ್ದರು. ಅಕ್ಕೋರಿಗೆ ಹೆಚ್ಚು ದಿನ ಉಳಿದಿರಲಿಲ್ಲ. ನಾನು ಸುಮ್ಮನಿದ್ದರೆ ತಾಯಿ ಮಗಳು ಒಂದು ಖರೆ ಮಾತೂ ಆಡದೆ ಅಗಲುತ್ತಾರೆ. ಬಾಯಿಬಿಟ್ಟರೆ ಇಬ್ಬರಿಗೂ ದ್ರೋಹ. ಕೊನೆಗೊಂದು ಮಧ್ಯಾಹ್ನ ಅವ್ವನನ್ನು ಒಳಗೆ ಕರೆತಂದು ಮಂಚದ ಮೇಲೆ ಕೂಡಿಸಿದೆ. "ಅಕ್ಕೋರ, ನಿಮ್ಮ ಅವ್ವಗ ಎಲ್ಲಾ ಗೊತ್ತ ಐತ್ರಿ. ಯಮ್ಮಾ, ಇವರಿಗೂ ಗೊತ್ತ ಐತ್ರಿ" ಎಂದೆ.

ಅಕ್ಕೋರು ನನ್ನನ್ನು ನೋಡಿದ ನೋಟ ಇವತ್ತಿಗೂ ಸುಡುತ್ತದೆ. "ಹೊರಗ ನಡಿ" ಎಂದರು. ನಾನು ಅಂಗಳ ದಾಟುವಾಗ ಅವ್ವನ ಅಳು ಕೇಳಿಸಿತು.

ಆಮೇಲೆ ಹೋದಾಗ ಅವ್ವ ಅದೇ ಮಂಚದ ಮೇಲೆ ಮಗಳನ್ನು ಒರಗಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಅಕ್ಕೋರು ನನ್ನ ಕೈಯಿಂದ ಗುಳಿಗೆ ತೆಗೆದುಕೊಂಡು ನುಂಗಿ ಮುಖ ತಿರುಗಿಸಿದರು. ಪ್ರತಿ ಸಲವೂ ಹಾಗೆಯೇ.

ಅವರು ತೀರಿಕೊಂಡ ದಿನ ಅವ್ವ ನನ್ನನ್ನು ತಬ್ಬಿಕೊಂಡರು. "ಅಂಜಿಕಿ ಬರಾಕತ್ತೈತಿ ಅವ್ವಾ ಅಂದ್ಲು ಯವ್ವಾ. ಸಣ್ಣಾಕಿದ್ದಾಗಿನಂಗ ಅಪ್ಪಿಕೊಂಡ ಮಲಗಿದ್ನಿ."

ಅಷ್ಟು ಜನರ ಅಂಜಿಕೆಯನ್ನು ಕೂತು ಕೇಳಿದ ಅಕ್ಕೋರು ತಮ್ಮದನ್ನು ಹೇಳಿಕೊಂಡದ್ದು ಅವ್ವನ ಮುಂದಷ್ಟೇ. ನನ್ನ ಜೊತೆ ಮಾತ್ರ ಮಾತು ಬಿಟ್ಟೇ ಹೋದರು.