ತಾಯಕ್ಕನ ಹೆದರಿಕೆ

ಗಾದಿಗನೂರಿನಲ್ಲಿ ಕರು ಸತ್ತ ಎಮ್ಮೆ ಹಾಲು ಕೊಡದೆ ಒದೆಯತೊಡಗಿದರೆ ಜನ ತಾಯಕ್ಕನನ್ನು ಕರೆಯುತ್ತಿದ್ದರು. ಅವಳು ಬೇರೆ ಕರುವೊಂದನ್ನು ತಂದು, ಮೈತುಂಬ ಉಪ್ಪು ಸವರಿ, ಎಮ್ಮೆಯ ಮುಂದೆ ನಿಲ್ಲಿಸುವಳು. ಉಪ್ಪಿನಾಸೆಗೆ ಎಮ್ಮೆ ನೆಕ್ಕುವುದು. ನೆಕ್ಕುತ್ತ ನೆಕ್ಕುತ್ತ ಕರು ತನ್ನದೇ ಆಗಿ, ಹಾಲು ಇಳಿಸುವುದು. "ಇಷ್ಟ ನೋಡ್ರಿ ಪ್ರೀತಿ ಅಂದ್ರ," ಎಂದು ತಾಯಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಉಪ್ಪಿನ ಬಟ್ಟಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವಳು ಮಗಳು ಹೇಮಾವತಿ.

ಹೆತ್ತ ಮಗಳಲ್ಲ. ಗಂಡ ಯಲ್ಲೇಶನ ಮೊದಲ ಹೆಂಡತಿ ತೀರಿಕೊಂಡಾಗ ಕೂಸಿಗಿನ್ನೂ ಹಲ್ಲು ಬಂದಿರಲಿಲ್ಲ. ತಾಯಕ್ಕ ಮದುವೆಯಾಗಿ ಬಂದವಳೇ ಸೊಂಟಕ್ಕೇರಿಸಿಕೊಂಡಳು. ಏಳು ವರ್ಷ ಇಳಿಸಲೇ ಇಲ್ಲ ಎಂದರೂ ನಡೆದೀತು.

ಯಲ್ಲೇಶ್ ಸಂಡೂರಿನ ಗಣಿಯಿಂದ ಅದಿರು ಹೊರುವ ಟಿಪ್ಪರ್ ಓಡಿಸುತ್ತಿದ್ದ. ಲಾರಿಗಳ ಸಾಲು ಕಡಿಯುತ್ತಿರಲಿಲ್ಲ, ಒಣಹಾಕಿದ ಬಟ್ಟೆಯೆಲ್ಲ ಕೆಂಪು. ಆ ಧೂಳಿನ ದಿನಗಳಲ್ಲೇ, ಆಸೆ ಬಿಟ್ಟು ಕೂತಿದ್ದ ತಾಯಕ್ಕ ಬಸುರಾದಳು.

ನೆರೆಮನೆಯ ಅಕ್ಕನಾಗಮ್ಮನ ಬಾಯಿಗೆ ಬೀಗವೆಂಬುದಿಲ್ಲ. ಹುಡುಗಿಯ ಎದುರಿಗೇ, "ಇನ್ನ ನಿಂದು ಅಂತ ಒಂದು ಬರ್ತೈತಿ ಬಿಡವ್ವ. ಕರುಳು ಅತ್ಲಾಗ ಎಳಿತೈತಿ, ಯಾರೂ ಏನೂ ಮಾಡಾಕ ಬರಂಗಿಲ್ಲ," ಎಂದಳು. ಹಾಳು ಬಾಯಿ! "ಸುಮ್ಕಿರಬೇ," ಎಂದು ತಾಯಕ್ಕ ಗದರಿದಳು, ಆದರೆ ಮಾತು ಎದೆಯಲ್ಲಿ ಉಳಿಯಿತು.

ಯಾಕೆಂದರೆ ಅವಳು ಕಣ್ಣಾರೆ ಕಂಡಿದ್ದಳು. ಉಪ್ಪು ನೆಕ್ಕಿ ಒಪ್ಪಿಕೊಂಡಿದ್ದ ಎಮ್ಮೆ, ಮುಂದಿನ ಸಲ ತಾನೇ ಈದ ದಿನ, ಆ ಸಾಕುಕರುವನ್ನು ತಿವಿದು ಅಟ್ಟಿತ್ತು. ಹೇಮಾವತಿಯೂ ಅಲ್ಲೇ ನಿಂತು ನೋಡಿದ್ದಳು. ನಾನೂ ಆ ಎಮ್ಮೆಯಂತಾಗಿಬಿಟ್ಟರೆ, ಎಂದುಕೊಂಡಳು ತಾಯಕ್ಕ. ಹೊಟ್ಟೆ ಬೆಳೆದಂತೆ ಭಯವೂ ಬೆಳೆಯಿತು. ಹುಡುಗಿಗೆ ಹೆಣೆದ ಜಡೆಯನ್ನೇ ಬಿಚ್ಚಿ ಮತ್ತೆ ಹೆಣೆಯುವಳು. ಪ್ರೀತಿ ಇನ್ನೂ ಇದೆಯೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ತನ್ನನ್ನೇ ಕೇಳಿಕೊಳ್ಳುವಳು.

ಹೊಸಪೇಟೆಯ ಆಸ್ಪತ್ರೆಯಲ್ಲಿ ಗಂಡುಕೂಸು ಹುಟ್ಟಿತು. ಹಾಲು ಮಾತ್ರ ಬರಲಿಲ್ಲ. ಕೂಸು ಚೀಪಿ ಚೀಪಿ ಸೋತು ಅಳುತ್ತಿತ್ತು.

"ಹೆದರಬ್ಯಾಡ್ರಿ," ಎಂದಳು ನರ್ಸಮ್ಮ. "ಎಲ್ಲಾ ಹಾರ್ಮೋನಿನ ಆಟ. ಕೂಸಿನ್ನ ಎದಿಗೆ ಹಚ್ಚಿಕೊಳ್ತಾ ಇರ್ರಿ, ಹಾಲು, ಪ್ರೀತಿ ಎರಡೂ ತಾವಾಗೇ ಬರ್ತಾವು."

ಸಮಾಧಾನಕ್ಕೆ ಹೇಳಿದ ಮಾತು ತಾಯಕ್ಕನ ಜೀವ ಹಿಂಡಿತು. ಮೈ ಹೇಳಿದಂತೆ ಪ್ರೀತಿ ಬರುವುದಾದರೆ, ಮೈ ಹೇಳಿದಂತೆ ಹೋಗುವುದೂ ಉಂಟಲ್ಲ. ಹಾಲು ಬರಲಿ ಎಂದು ಬೇಡಲೂ ಅಂಜಿಕೆ. ಗೋಡೆಗೆ ಮುಖ ಮಾಡಿ ಮಲಗಿದಳು.

ಸಂಜೆ, ಕೂಸು ಅತ್ತು ಅತ್ತು ನಿದ್ದೆ ಹೋದ ಮೇಲೆ, ಯಲ್ಲೇಶ್ ಹೇಮಾವತಿಯನ್ನು ಕರೆತಂದ. ಹುಡುಗಿ ಬಾಗಿಲಲ್ಲೇ ನಿಂತಳು. ಕೆನ್ನೆ, ಕುತ್ತಿಗೆ, ತೋಳುಗಳಿಗೆಲ್ಲ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು.

"ದಾರ್ಯಾಗೆಲ್ಲ ಮೈ ಉರಿತೈತಿ ಅಂತಿದ್ಲು. ಏನು ಹಚ್ಚಿಕೊಂಡಾಳೋ, ಕೇಳಿದ್ರ ಹೇಳವಲ್ಲಳು," ಎಂದ ಯಲ್ಲೇಶ್.

"ಬಾರವ್ವ ಇಲ್ಲಿ," ಎಂದು ತಾಯಕ್ಕ ಕೈ ಚಾಚಿದಳು. ಹುಡುಗಿ ಬಂದು, ಕಣ್ಣು ಮುಚ್ಚಿ, ಕೆನ್ನೆ ಒಡ್ಡಿದಳು. ತಾಯಕ್ಕ ಮುತ್ತಿಟ್ಟಳು. ತುಟಿಗೆ ಉಪ್ಪು ಹತ್ತಿತು.

"ಸಾಕೇನವ್ವ?" ಎಂದು ಹೇಮಾವತಿ ಕಣ್ಣು ತೆರೆಯದೆ ಕೇಳಿದಳು. "ಇನ್ನಷ್ಟು ಹಚ್ಚಿಕೊಳ್ಳಲೇನು?"

ತಾಯಕ್ಕ ಅವಳನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅಳುತ್ತಿರುವಾಗಲೇ ಎದೆ ಜುಮ್ಮೆಂದು, ರವಿಕೆ ಹಾಲಿನಿಂದ ತೊಯ್ದಿತು. ತೊಟ್ಟಿಲಲ್ಲಿ ಕೂಸು ಇನ್ನೂ ನಿದ್ದೆ ಮಾಡುತ್ತಿತ್ತು.