ಭೂಮಿ ಒಳಗೋ ಹೊರಗೋ
ಗಾಬ್ರೊವೊ ಊರಿನ ಭೌತವಿಜ್ಞಾನದ ಟೀಚರ್ ತೆಮೆನುಗಾ ತರಗತಿಗೆ ಬಂದೊಡನೆ, ಹಾಜರಿಗೂ ಮೊದಲು, ಕರಿಹಲಗೆಯ ಮೇಲೆ ದೊಡ್ಡದೊಂದು ಸುತ್ತು ಬರೆಯುತ್ತಾರೆ; ಲೆಕ್ಕಕ್ಕೆ ಸೇರುವುದೆಲ್ಲ ಅದರ ಒಳಗೆ, ಉಳಿದದ್ದು ಹೊರಗೆ. ಜ್ವರವಿದ್ದ ದಿನವೂ ತಪ್ಪಿಸಿದವರಲ್ಲ. "ಮೊದಲು ಹೇಳ್ರೋ, ಭೂಮಿ ಒಳಗೋ ಹೊರಗೋ?" ಭೂಮಿ ಸುತ್ತಿನ ಒಳಗಿದ್ದರೆ, ಮೇಲೆತ್ತಿದ ಕಲ್ಲಿನ ಶಕ್ತಿ ಒಳಗೇ ಕೂಡಿಟ್ಟಂತೆ, ಹೊರಗಿದ್ದರೆ, ಅದರ ಸೆಳೆತ ಹೊರಗಿನವರು ಮಾಡಿದ ಕೆಲಸ. ಎರಡನ್ನೂ ಹಿಡಿದು ಒಂದನ್ನೇ ಎರಡು ಸಲ ಎಣಿಸಿದವರಿಗೆ ಅವರಲ್ಲಿ ಕ್ಷಮೆಯಿಲ್ಲ. ಶಿಕ್ಷಕರ ಕೋಣೆಯಲ್ಲಿ ಸೂಪು ಆರಿತೆಂದು ಯಾರಾದರೂ ಗೊಣಗಿದರೆ, "ಶಕ್ತಿ ಎಲ್ಲೂ ಹೋಗಿಲ್ಲ ಕಣ್ರೀ, ಕೋಣೇನೂ ಸೇರಿಸ್ಕೊಳ್ಳಿ" ಎನ್ನುತ್ತಾರೆ. "ಹಾಗಾದ್ರೆ ಕೋಣೇನೇ ಕುಡೀತೀನಿ ಬಿಡಿ" ಎಂದು ಕಿರಿಯ ಸಹೋದ್ಯೋಗಿ ಲುಬೆನ್ ರೇಗಿಸುತ್ತಾನೆ. ಭಾನುವಾರ ಚರ್ಚಿನಲ್ಲಿ, ತೀರಿಕೊಂಡ ಗಂಡನ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿದಾಗ ಮಾತ್ರ ಯಾವ ಲೆಕ್ಕವನ್ನೂ ಹಾಕದೆ ಅದು ಉರಿದು ಮುಗಿಯುವತನಕ ಸುಮ್ಮನೆ ನಿಲ್ಲುತ್ತಾರೆ. ಈ ಜೂನ್‌ನಲ್ಲಿ ಲುಬೆನ್ ತಿದ್ದಿದ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ತೆಮೆನುಗಾರ ಮಗಳು ಕಲಿನಾಳದೂ ಇತ್ತು. ಹುಡುಗಿ ಭೂಮಿಯನ್ನು ಒಳಗೂ ಎಣಿಸಿದ್ದಳು, ಹೊರಗೂ ಎಣಿಸಿದ್ದಳು. ಒಂದು ಅಂಕ ಸಾಲದೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕು. "ಅಕ್ಕಾ, ನನ್ನ ಕಣ್ಣಿಗೆ ಬೀಳ್ಲಿಲ್ಲ ಅಂದ್ಕೊಳ್ಳಿ. ಅಂಕ ಹಾಕಿಬಿಡ್ತೀನಿ" ಎಂದ ಲುಬೆನ್. ತೆಮೆನುಗಾ ಪತ್ರಿಕೆಯನ್ನು ಕೊನೆಯತನಕ ಓದಿ, ಮಡಿಕೆ ಸರಿಪಡಿಸಿ, ಅವನ ಕೈಗೆ ಕೊಟ್ಟರು. "ಬೇಡಪ್ಪಾ. ಅವಳಿಗೆ ಮನೇಲಿ ನಾನೇ ಹೇಳ್ತೀನಿ."