ದಿಬ್ಬದ ಮೇಲಿನ ಐದು ಮನೆ

೨೦೦೭ರಲ್ಲಿ ರಾಣೇಬೆನ್ನೂರಿನ ಕಂಪ್ಯೂಟರ್ ಕೋಣೆಯೊಂದರಲ್ಲಿ ಕುಪ್ಪೇಲೂರಿನ ಸುರೇಖಾ ಹೊರದೇಶದ ಕಂಪನಿಯೊಂದಕ್ಕಾಗಿ ಉಪಗ್ರಹದ ಚಿತ್ರ ನೋಡಿ ಉತ್ತರ ಧ್ರುವದ ಕಡೆಯ ಕಡಲತೀರದ ನಕ್ಷೆ ಬರೆಯುತ್ತಿದ್ದಳು. ಒಳಗೆ ಹಿನ್ನೀರು, ಆಚೆ ಕಡಲು, ನಡುವೆ ಮರಳದಿಬ್ಬ. ದಿಬ್ಬದ ಮೇಲೆ ಐದು ಮನೆ.

“ಆ ಐದು ಚುಕ್ಕಿ ಅಳಸವಾ,” ಎಂದ ಸೂಪರ್‌ವೈಜರ್ ವೀರೇಂದ್ರ. “ಆ ಹಿಮದಾಗ ಯಾರ್ ನೋಡಾಕ ಹೋಗ್ತಾರ? ಲಗೂ ಕಳಸೂದೈತಿ.”

ಸುರೇಖಾಳ ಮೈ ಉರಿಯಿತು. ಅವಳ ಓಣಿಯನ್ನೂ ಯಾವನೋ ಪುಣ್ಯಾತ್ಮ ಹೀಗೇ ಊರ ನಕ್ಷೆಯಿಂದ ಬಿಟ್ಟಿದ್ದ. ನಕ್ಷೆಯಲ್ಲಿಲ್ಲದ ಓಣಿಗೆ ನಳ ಬರಲಿಲ್ಲ. ಅವಳವ್ವ ಇಂದಿಗೂ ಮೇಲಿನ ಓಣಿಯ ನಳದ ಮುಂದೆ ಕೊಡ ಹಿಡಿದು ಬೈಸಿಕೊಳ್ಳುತ್ತಾಳೆ.

“ಅಳಸೂದಿಲ್ರಿ ಸರ್. ನೋಡೋರಿಲ್ಲಂದ್ರ ಇರೋರೂ ಇಲ್ಲೇನ್ರಿ?”

“ನಿನಗ ಕೆಲಸಾ ಬೇಕೋ ಬ್ಯಾಡೋ?”

“ಬೇಕ್ರಿ. ಅದಕ್ಕ ನೆಟ್ಟಗ ಮಾಡಾಕತ್ತೇನಿ.”

ಐದೂ ಮನೆಗಳನ್ನು ಉಳಿಸಿಯೇ ಅವಳು ನಕ್ಷೆ ಕಳಿಸಿಬಿಟ್ಟಳು.